ಎಷ್ಟಕ್ಕೆ ಕೇಳುವುದು?

ಮನೆ ನೋಡಲು ಹೋದವರನ್ನು ನಮ್ಮ ಕಡೆ 'ಎಷ್ಟು ಕೊಡ್ತೀರಿ' ಅನ್ನುವುದಿಲ್ಲ, 'ಎಷ್ಟಕ್ಕೆ ಕೇಳ್ತೀರಿ' ಅನ್ನುತ್ತಾರೆ. ದನಕ್ಕೂ ಇದೇ ಮಾತು, ಹೊಲಕ್ಕೂ ಇದೇ ಮಾತು. ಈ 'ಕೇಳು' ಅನ್ನುವುದಕ್ಕೆ ಕನ್ನಡದಲ್ಲಿ ಎರಡು ಅರ್ಥ. ಬಾಯಿಬಿಟ್ಟು ಕೇಳುವುದು ಒಂದು, ಕಿವಿಗೊಟ್ಟು ಕೇಳುವುದು ಇನ್ನೊಂದು. ನಮ್ಮ ಕೇರಿಗೆ ಬಹುಕಾಲ ದಕ್ಕಿದ್ದು ಎರಡನೆಯದು ಮಾತ್ರ. ಹೇಳಿದ್ದನ್ನು ಕೇಳಿದೆವು, ಕೊಟ್ಟಷ್ಟನ್ನು ಈಸಿಕೊಂಡೆವು. ಈಗ ಕೊಳ್ಳೇಗಾಲದಲ್ಲಿ ಒಂದು ಮನೆ ಮಾರಾಟಕ್ಕೆ ಬಂದು, ಅದನ್ನು ಮೊದಲನೆಯ ಅರ್ಥದಲ್ಲಿ ಕೇಳಬೇಕಾಗಿ ಬಂದು, ಮೂರು ವಾರ ನಮ್ಮ ಮನೆಯಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಲಿಲ್ಲ.

ನಾವು ಅಂದರೆ ಅಪ್ಪ, ಅವ್ವ, ಮೂವರು ಮಕ್ಕಳು. ಅಪ್ಪ ವಾಟರ್‌ಮನ್ ಆಗಿದ್ದು ನಿವೃತ್ತನಾದವನು. ಕೋಳಿ ಕೂಗುವ ಮೊದಲೇ ಸೈಕಲ್ಲು ತುಳಿದು ಬೀದಿ ಬೀದಿಯ ವಾಲ್ವ್ ತಿರುಗಿಸಿ ಊರಿಗೆಲ್ಲ ನೀರು ಬಿಟ್ಟವನು. ಅವ್ವ ರೇಷ್ಮೆ ನೂಲು ತೆಗೆಯುವ ಕಡೆ ಬಿಸಿನೀರಿನಲ್ಲಿ ಗೂಡು ಕದಡಿ ಕದಡಿ ಬೆರಳ ತುದಿ ಬೆಳ್ಳಗೆ ಮಾಡಿಕೊಂಡವಳು. ಅಕ್ಕ ನರ್ಸು, ಅಣ್ಣ ಐ.ಟಿ.ಐ. ಓದಿ ಕಾರ್ಖಾನೆ ಸೇರಿದವನು. ಉಳಿದ ಒಬ್ಬರು ವಂಶಕ್ಕೆ ಮೊದಲ ಬಿ.ಎ., ಕವಿತೆ ಬರೆಯುವವರು. ಅಂದರೆ ಮನೆ ಕೊಳ್ಳುವ ಲೆಕ್ಕದಲ್ಲಿ ಅವರ ಪಾಲು ಸೊನ್ನೆ.

ಬೆಲೆ ಹೇಳುವುದು ಒಂದು ವಿದ್ಯೆ. ಅದನ್ನು ಯಾರೂ ನಮಗೆ ಕಲಿಸಲಿಲ್ಲ. ದನದ ಜಾತ್ರೆಯಲ್ಲಿ ದಲ್ಲಾಳಿಗಳು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ವ್ಯಾಪಾರ ಮಾಡುತ್ತಾರಲ್ಲ, ಆ ಟವೆಲ್ಲಿನ ಕೆಳಗೆ ನಮ್ಮ ತಾತನ ಕೈ ಯಾವತ್ತೂ ಹೋಗಲಿಲ್ಲ. ಅವನು ಹಗ್ಗ ಹಿಡಿದು ನಿಂತಿದ್ದ. ಅವನನ್ನೇ ಒಂದು ಪಲ್ಲ ರಾಗಿಗೂ ನಲವತ್ತು ರೂಪಾಯಿಗೂ ಜೀತಕ್ಕೆ ಕಟ್ಟಿದಾಗಲೂ ಬೆಲೆ ಮಾತಾಡಿದವರು ಬೇರೆಯವರೇ. ಜೀತ ರದ್ದತಿ ಕಾಯಿದೆ ಬಂದದ್ದು 1976ರಲ್ಲಿ. ಅಷ್ಟು ಹೊತ್ತಿಗೆ ತಾತನ ಹರೆಯ ಮುಗಿದಿತ್ತು. ಅದಕ್ಕೂ ಹಿಂದಿನವರು ಊರಿನ ತೋಟಿ ತಳವಾರಿಕೆ ಮಾಡಿಕೊಂಡು, ಸುಗ್ಗಿಯಲ್ಲಿ ಕಣದ ಅಂಚಿಗೆ ಹೋಗಿ ನಿಂತು, ರಾಶಿ ಎತ್ತಿದ ಮೇಲೆ ಹಾಕಿದ ಆಯ ಮಡಿಲಿಗೆ ಕಟ್ಟಿಕೊಂಡು ಬಂದವರು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಆ ಹುದ್ದೆಗಳನ್ನೇನೋ ತೆಗೆದುಹಾಕಿತು. 'ತಾವು ಕೊಟ್ಟಷ್ಟು ಬುದ್ಧಿ' ಅನ್ನುವ ಮಾತನ್ನು ನಾಲಿಗೆಯಿಂದ ತೆಗೆಯುವ ಕಲಮು ಅದರಲ್ಲಿ ಇರಲಿಲ್ಲ.

ಅಪ್ಪ ಬಟ್ಟೆ ಅಂಗಡಿಯಲ್ಲೂ ಚೌಕಾಸಿ ಮಾಡುವವನಲ್ಲ. ಹೇಳಿದಷ್ಟು ಎಣಿಸಿ ಕೊಟ್ಟು ಬಂದುಬಿಡುತ್ತಾನೆ. ಯಾಕಪ್ಪಾ ಅಂದರೆ, 'ಕಮ್ಮಿ ಮಾಡಿ ಅಂದ್ರೆ ಇವ್ನತ್ರ ದುಡ್ಡಿಲ್ಲ ಅಂದ್ಕತಾರೆ ಕಣೋ' ಅನ್ನುತ್ತಾನೆ. ಇದನ್ನು ನಾವು ಎಷ್ಟೋ ವರ್ಷ ಪೆದ್ದುತನ ಅಂದುಕೊಂಡಿದ್ದೆವು. ಉಳ್ಳವರು ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ, ಯಾರೂ ಅವರನ್ನು ಬಡವರು ಅನ್ನುವುದಿಲ್ಲ, ಜಾಣರು ಅನ್ನುತ್ತಾರೆ. ಅಂಗಡಿಯವನ ಕಣ್ಣಿನಲ್ಲಿ ಆಗಲೇ ಅನುಮಾನಕ್ಕೆ ಸಿಕ್ಕಿಕೊಂಡವನಿಗೆ ಆ ಜಾಣತನದ ಹಕ್ಕಿಲ್ಲ. ಹೀಗಾಗಿ ಬಡವನೇ ಎರಡು ರೂಪಾಯಿ ಜಾಸ್ತಿ ಕೊಟ್ಟು ಬರುತ್ತಾನೆ.

ಈ ಮನೆಗಿಂತ ಮೊದಲು ನಾವು ಏಳು ಮನೆ ನೋಡಿದೆವು. ಒಂದರ ಬೆಲೆ ಫೋನಿನಲ್ಲಿ 32 ಲಕ್ಷ ಇತ್ತು, ಮುಖ ನೋಡಿ ಊರು ಕೇರಿ ವಿಚಾರಿಸಿದ ಮೇಲೆ 40 ಆಯಿತು. ಇನ್ನೊಂದಕ್ಕೆ ನಾವು ಹೋಗುವ ಹಿಂದಿನ ದಿನವೇ 'ಅಡ್ವಾನ್ಸ್ ಆಗೋಯ್ತು'. ಮೂರು ತಿಂಗಳಾದರೂ ಅಡ್ವಾನ್ಸ್ ಕೊಟ್ಟ ಮಹಾರಾಯ ಕಾಣಿಸಲಿಲ್ಲ, ಮಾರಾಟಕ್ಕಿದೆ ಎಂಬ ಬೋರ್ಡು ಅಲ್ಲೇ ನೇತಾಡುತ್ತಿತ್ತು. ಯಾರೂ ಜಾತಿ ಹೆಸರು ಎತ್ತಲಿಲ್ಲ. ಈಗ ಯಾರೂ ಎತ್ತುವುದಿಲ್ಲ. ಸಂಖ್ಯೆ ಎತ್ತುತ್ತಾರೆ, ಅಷ್ಟೆ. ಉಳಿದವುಗಳ ಕಥೆ ಬೇಡ, ಎಲ್ಲ ಒಂದೇ.

ಎಂಟನೆಯದು ನಿವೃತ್ತ ಮೇಷ್ಟ್ರೊಬ್ಬರ ಮನೆ. ಸವರ್ಣರ ಬೀದಿ. ಮೂವತ್ತು ನಲವತ್ತರ ಸೈಟು, ಹಳೆಯದಾದರೂ ಗಟ್ಟಿ ಗೋಡೆ, ಹಿಂದೆ ಒಂದು ನುಗ್ಗೆ ಮರ. ಕೇಳಿದ್ದು 38 ಲಕ್ಷ. ಅಪ್ಪ ಎಂದಿನಂತೆ ಜಗುಲಿಯ ಕೆಳಗೆ ಚಪ್ಪಲಿ ಬಿಟ್ಟು ಅಲ್ಲೇ ನಿಂತ. ಮೇಷ್ಟ್ರು, 'ಅಲ್ಯಾಕ್ರೀ ನಿಂತ್ರಿ, ಬನ್ನಿ ಒಳಗೆ' ಅಂದರು. ಕುರ್ಚಿ ಎಳೆದು ಹಾಕಿದರು. ನೀರು ಕೊಟ್ಟರು, ತಾವು ಕುಡಿಯುವಂಥದೇ ಸ್ಟೀಲ್ ಲೋಟದಲ್ಲಿ. ಆ ಬೀದಿಯ ವಾಲ್ವನ್ನು ಅಪ್ಪ ಎಷ್ಟು ಸಾವಿರ ಸಲ ತಿರುಗಿಸಿದ್ದಾನೋ, ಆ ಬೀದಿಯ ಒಂದು ಲೋಟ ನೀರು ಅವನಿಗೆ ಸಿಕ್ಕಿದ್ದು ಅವತ್ತು.

ದಾರಿಯಲ್ಲಿ ಅಪ್ಪ ಮಾತಾಡಲಿಲ್ಲ. ಮನೆಗೆ ಬಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, 'ಮೂವತ್ತೆಂಟಕ್ಕೇ ತಕೊಂಬುಡೋಣ. ಅಂಥೋರತ್ರ ಚೌಕಾಸಿ ಮಾಡಬಾರ್ದು' ಅಂದ.

ನಮ್ಮ ಜಗಳ ಶುರುವಾಗಿದ್ದು ಇಲ್ಲಿಂದ.

ಕಲ್ಯಾಣದ ಹರಳಯ್ಯನ ಕಥೆ ಎಲ್ಲರಿಗೂ ಗೊತ್ತು. ಹರಳಯ್ಯ ಒಂದು ಶರಣು ಅಂದದ್ದಕ್ಕೆ ಬಸವಣ್ಣ ಎರಡು ಶರಣು ಅಂದನಂತೆ. ಒಂದು ಶರಣು ತನ್ನ ಮೇಲೆ ಸಾಲ ಬಿತ್ತು ಅಂತ ಹರಳಯ್ಯನಿಗೆ ತಳಮಳ. ಗಂಡ ಹೆಂಡತಿ ಇಬ್ಬರೂ ತೊಡೆಯ ಚರ್ಮ ತೆಗೆದು ಜೋಡು ಹೊಲಿದು ಒಯ್ದರಂತೆ. ಇದನ್ನು ನಮಗೆ ಭಕ್ತಿಯ ಕಥೆಯಾಗಿ ಹೇಳಿದರು. ನಾವು ಅಲ್ಲ ಅನ್ನುವುದಿಲ್ಲ. ಆದರೆ ಅಪ್ಪನ ಮುಖ ನೋಡಿದಾಗ ನಮಗೆ ಬೇರೆಯೇ ಹೊಳೆಯಿತು. ಜನ್ಮದಲ್ಲಿ ಯಾರಿಂದಲೂ ಶರಣು ಅನ್ನಿಸಿಕೊಳ್ಳದವನಿಗೆ ಒಂದು ಶರಣಿನ ಧಾರಣೆ ಗೊತ್ತಿರುವುದಿಲ್ಲ. ಅವನ ಹತ್ತಿರ ಚಿಲ್ಲರೆ ಇರುವುದಿಲ್ಲ, ಚರ್ಮವೇ ಇರುವುದು. ಆ ಜೋಡನ್ನು ಬಸವಣ್ಣ ಮೆಟ್ಟಲಿಲ್ಲ, ತಲೆಯ ಮೇಲೆ ಇಟ್ಟುಕೊಂಡ. ಎಲ್ಲರೂ ಬಸವಣ್ಣನಾಗಲು ಆಗುತ್ತದೆಯೇ? ಐದು ಲಕ್ಷ ಜಾಸ್ತಿ ತಗೊಂಡು ಹೋಗಿ ಮುಂದಿಟ್ಟರೆ ಮೇಷ್ಟ್ರು ಏನು ಮಾಡಬೇಕು? ಸುಮ್ಮನೆ ಈಸಿಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ. ಆಮೇಲೆ ಆ ಲೋಟ ನೀರು ನೀರಾಗಿ ಉಳಿಯುವುದಿಲ್ಲ, ಮಾರಿದ ಸಾಮಾನಾಗುತ್ತದೆ. ಅವರು ಮಾರದೆ ಇದ್ದದ್ದನ್ನು ನಾವು ಹಟಹಿಡಿದು ಕೊಂಡ ಹಾಗೆ.

ಇದನ್ನೆಲ್ಲ ಅಪ್ಪನಿಗೆ ಹೇಳಿದೆವು. 'ನಿಮ್ಗೆ ಎಲ್ಲಾದ್ರಲ್ಲೂ ಕಥೆ' ಅಂದ.

ಅಕ್ಕ ಕಥೆ ಬಿಟ್ಟು ಕಾಗದ ಪೆನ್ನು ತೆಗೆದಳು. ಅಪ್ಪನ ನಿವೃತ್ತಿ ಹಣ 8 ಲಕ್ಷ, ಅವ್ವನ ಚೀಟಿ 2, ಅಕ್ಕ ಅಣ್ಣನ ಉಳಿತಾಯ ಒಂದೂವರೆ, ಇಬ್ಬರ ಸಂಬಳದ ಮೇಲೆ ಬ್ಯಾಂಕು ಕೊಡುವುದು 24. ಒಟ್ಟು ಮೂವತ್ತೈದೂವರೆ. ಇದರಲ್ಲೇ ನೋಂದಣಿ ಖರ್ಚೂ ಆಗಬೇಕು. ಮುದ್ರಾಂಕ ಶುಲ್ಕ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು, ಜೊತೆಗೆ 2025ರ ಆಗಸ್ಟ್ ಕೊನೆಯಿಂದ 1 ಹೋಗಿ 2 ಆದ ನೋಂದಣಿ ಶುಲ್ಕ. ಎಲ್ಲ ಸೇರಿ ನೂರಕ್ಕೆ ಏಳು ರೂಪಾಯಿ ಅರವತ್ತು ಪೈಸೆ. 38 ಲಕ್ಷಕ್ಕೆ ಕೊಂಡರೆ ನಲವತ್ತು ಲಕ್ಷ ಎಂಬತ್ತೆಂಟು ಸಾವಿರದ ಎಂಟುನೂರು ಬೇಕು. ಕಡಿಮೆ ಬೀಳುವ ಐದು ಲಕ್ಷ ಮೂವತ್ತೆಂಟು ಸಾವಿರವನ್ನು ಕೈಸಾಲ ಎತ್ತಬೇಕು. ಕೈಸಾಲ ಅಂದರೆ ಮೂರು ರೂಪಾಯಿ ಬಡ್ಡಿ, ನೂರಕ್ಕೆ ತಿಂಗಳಿಗೆ ಮೂರು. ತಿಂಗಳಿಗೆ ಹದಿನಾರು ಸಾವಿರ ಬರಿ ಬಡ್ಡಿ. 'ಬನ್ನಿ ಒಳಗೆ' ಅಂದ ಮಾತಿಗೆ ತಿಂಗಳಿಗೆ ಹದಿನಾರು ಸಾವಿರ. ಅಪ್ಪ ಕಾಗದ ನೋಡಿದ, ಬೀಡಿ ಹಚ್ಚಿಕೊಂಡು ಹೊರಗೆ ಹೋದ.

ದಲ್ಲಾಳಿ ಬೇರೆ ನಡುವೆ. 'ಗೌರ್ಮೆಂಟ್ ರೇಟು 24 ಬರ್ತದೆ, ಅಷ್ಟಕ್ಕೆ ರಿಜಿಸ್ಟ್ರು ಮಾಡ್ಸಿ, ಮಿಕ್ಕಿದ್ದು ಕ್ಯಾಶ್ ಕೊಡಿ' ಅಂದ. ಎಲ್ಲಿಯ ಕ್ಯಾಶು? 24ಕ್ಕೆ ಪತ್ರವಾದರೆ ಬ್ಯಾಂಕು ಅದರ ನೂರಕ್ಕೆ ತೊಂಬತ್ತರ ಮೇಲೆ ಸಾಲ ಕೊಡುವಂತಿಲ್ಲ. 2015ರಿಂದ ಈಚೆಗೆ ಮನೆಗೆ ಇಪ್ಪತ್ತು ಸಾವಿರ ಮುಂಗಡವನ್ನೂ ನಗದಾಗಿ ಈಸಿಕೊಳ್ಳಬಾರದು ಅಂತ ಕಾನೂನಿದೆ, ಪಾಲಿಸುವವರು ನಮ್ಮಂಥವರು. ಸಂಬಳ ಬ್ಯಾಂಕಿಗೆ ಬರುತ್ತದೆ, ಸಾಲ ಬ್ಯಾಂಕಿನಿಂದ ಬರುತ್ತದೆ. ಊರಲ್ಲೆಲ್ಲ ದುಡ್ಡಿಗೆ ಎರಡು ಬಣ್ಣ, ನಮ್ಮ ದುಡ್ಡು ಮಾತ್ರ ಹಾಲಿನಂತೆ ಬಿಳಿ. ಮಾರುವವರಿಗೆ ಬೇಕಾದ್ದು ಇನ್ನೊಂದು ಬಣ್ಣದ್ದು. ಮೇಷ್ಟ್ರು ಮಾತ್ರ ಅದನ್ನು ಕೇಳಿರಲಿಲ್ಲ, ಇದು ದಲ್ಲಾಳಿಯ ಸ್ವಂತ ಬುದ್ಧಿ.

ಅವನ ಇನ್ನೊಂದು ಬುದ್ಧಿ: 'ಬೀದಿಯೋರು ಮಾತಾಡ್ತಾವ್ರೆ. ಒಂದೆರಡು ಜಾಸ್ತಿ ಹಾಕಿ, ಬಾಯಿ ಮುಚ್ತದೆ.' ಬೀದಿಯ ಬಾಯಿಗೆ ಎರಡು ಲಕ್ಷ ಸಾಕೇ? 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಹೋದ ಅಂಬೇಡ್ಕರರು ಪಾರ್ಸಿ ಹೋಟೆಲಿನಲ್ಲಿ ಪಾರ್ಸಿ ಹೆಸರು ಬರೆಸಿ, ಕೇಳಿದ ಬಾಡಿಗೆ ಕೊಟ್ಟುಕೊಂಡು ಇದ್ದರು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರು ಬಂದು ಖಾಲಿ ಮಾಡಿಸಿದರು. ಬಾಡಿಗೆ ಬಾಕಿ ಇರಲಿಲ್ಲ. ಮುಂದೆ 1930ರ ದಶಕದಲ್ಲಿ ಅವರು ಮುಂಬಯಿಯ ದಾದರಿನ ಹಿಂದೂ ಕಾಲನಿಯಲ್ಲಿ ಪುಸ್ತಕಗಳಿಗೆಂದೇ ರಾಜಗೃಹ ಕಟ್ಟಿಸಿದರು. ಯಾರ ಬಾಯಿಗೂ ಕಾಸು ಹಾಕಲಿಲ್ಲ. ದಲ್ಲಾಳಿಯ ಎರಡು ಲಕ್ಷದ ವಿಷಯದಲ್ಲಿ ನಮ್ಮೊಳಗೆ ಭಿನ್ನಾಭಿಪ್ರಾಯ ಇರಲಿಲ್ಲ.

ಇಷ್ಟು ಹೊತ್ತಿಗೆ ಅಣ್ಣ ಒಂದು ಸುದ್ದಿ ತಂದ. ಮೇಷ್ಟ್ರ ಹೆಂಡತಿಗೆ ಡಯಾಲಿಸಿಸ್. ವಾರಕ್ಕೆ ಮೂರು ಸಲ ಮೈಸೂರಿಗೆ. ಅಲ್ಲೇ ಮಗನ ಹತ್ತಿರ ಹೋಗಿ ಇರಬೇಕು, ಅದಕ್ಕೇ ಮಾರಾಟ, ಅದಕ್ಕೇ ಅವಸರ. ಈಗ ಆಷಾಢ ಬೇರೆ, ಆಷಾಢದಲ್ಲಿ ಯಾರೂ ಮನೆ ನೋಡಲು ಬರುವುದಿಲ್ಲ. ಮೇಲಾಗಿ ಬಾಗಿಲು ದಕ್ಷಿಣಕ್ಕೆ. 'ಇಪ್ಪತ್ತೆಂಟಕ್ಕೆ ಕೇಳಿ ಸುಮ್ನೆ ಕೂತ್ಕೊಳ್ಳಿ. ಶ್ರಾವಣದವರೆಗೂ ಅವ್ರು ತಡ್ಕೊಳ್ಳಕ್ಕಾಗಲ್ಲ, ಕೊಡ್ತಾರೆ' ಅಂದ ಅಣ್ಣ. ಅವನ ಕಣ್ಣಿನಲ್ಲಿ ಒಂದು ಹೊಳಪಿತ್ತು. ಆ ಏಳು ಮನೆಗಳ ಬಾಕಿಯನ್ನೆಲ್ಲ ಈ ಎಂಟನೆಯದರಲ್ಲಿ ವಸೂಲು ಮಾಡುವ ಹೊಳಪು. 'ನಮ್ಗೆ ಯಾರು ಕರುಣೆ ತೋರ್ಸಿದ್ರು?' ಅಂದ. ಸುಳ್ಳಲ್ಲ.

ದಕ್ಷಿಣ ಬಾಗಿಲಿನ ಪ್ರಶ್ನೆ ಒಂದು ಸಂಜೆ ತಿಂದಿತು. ಯಮನ ದಿಕ್ಕು ಅಂತ ಜನ ಇಂಥ ಮನೆಯನ್ನು ಒಂದೆರಡು ಲಕ್ಷ ಕಡಿಮೆಗೇ ಕೇಳುತ್ತಾರೆ. ವಾಸ್ತುವನ್ನು ನಂಬದ ನಾವು ಆ ಕಡಿತದ ಲಾಭ ತೆಗೆದುಕೊಳ್ಳಬಹುದೇ? ವೇದಿಕೆಯಲ್ಲಿ ಪುರೋಹಿತಶಾಹಿಗೆ ಧಿಕ್ಕಾರ ಕೂಗಿ ಬಂದು ಪಂಚಾಂಗದ ಕೃಪೆಯಿಂದ ಎರಡು ಲಕ್ಷ ಉಳಿಸುವುದೇ? ಅವ್ವ ನಕ್ಕಳು. 'ಯಮ ನಮ್ಗೆ ಹಳೇ ಪರಿಚಯ, ಬಿಡಿ' ಅಂದಳು. ಕೊನೆಗೆ ಆ ಕಡಿತ ನಮಗೆ ಬೇಡ ಅಂತ ಬಿಟ್ಟೆವು. ನೈತಿಕವಾಗಿ ಅದು ದೊಡ್ಡ ಸಾಧನೆ ಅಂತೇನೂ ಅಲ್ಲ.

ಆದರೆ ಡಯಾಲಿಸಿಸ್ಸು ಹಾಗೆ ನಕ್ಕು ಬಿಡುವ ಸಂಗತಿಯಲ್ಲ.

ತಾತನಿಗೆ ಜೀತ ಬಿಟ್ಟ ಮೇಲೆ ದರಖಾಸ್ತಿನಲ್ಲಿ ಒಂದೂವರೆ ಎಕರೆ ಮಂಜೂರಾಗಿತ್ತು. ಎರಡೇ ಮಳೆಗಾಲ ಉತ್ತ. ಅದೇ ಸುಮಾರಿಗೆ ಅಜ್ಜಿ ಹೊಟ್ಟೆನೋವಿಗೆ ಬಿದ್ದಳು. ಪಕ್ಕದ ಜಮೀನಿನ ಯಜಮಾನ ಬಂದು ಆರುನೂರು ರೂಪಾಯಿ ಕೊಟ್ಟು ಹೆಬ್ಬೆಟ್ಟು ಒತ್ತಿಸಿಕೊಂಡ. ಅವನು ಕಳ್ಳನಲ್ಲ, ಹಣ ಕೊಟ್ಟ, ತಾತ ಒಪ್ಪಿದ, ಇಬ್ಬರು ಸಾಕ್ಷಿಗಳಿದ್ದರು. ಹೀಗೆ ಹೋದ ಭೂಮಿಗಳಿಗಾಗಿಯೇ ನಮ್ಮ ಹಿರಿಯರು ಹೋರಾಡಿದ್ದು. 1978ರ ಪಿ.ಟಿ.ಸಿ.ಎಲ್. ಕಾಯಿದೆ ಬಂತು. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮುರಿದು ಕೊಂಡಿದ್ದರೆ ಆ ಕ್ರಯವೇ ಅಸಿಂಧು, ಜಮೀನು ಹಿಂದಕ್ಕೆ ಅಂದಿತು. ಕೊಂಡವರು ಸುಪ್ರೀಂ ಕೋರ್ಟಿನವರೆಗೆ ಹೋದರು, 1984ರಲ್ಲಿ ಅಲ್ಲೂ ಕಾಯಿದೆಯೇ ನಿಂತಿತು. 2017ರಲ್ಲಿ ಅದೇ ಕೋರ್ಟು, ತಡವಾಗಿ ಬಂದವರ ಅರ್ಜಿ ನಡೆಯದು ಅಂತ ಹೇಳಿದಾಗ ಮತ್ತೆ ಬೀದಿಗಿಳಿಯಬೇಕಾಯಿತು. 2023ರಲ್ಲಿ ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಆಯಿತು. ನಮ್ಮ ಅರ್ಜಿಯ ಕಥೆ ಬೇರೆ, ಇನ್ನೊಮ್ಮೆ ಬರೆಯುತ್ತೇವೆ. ಇಲ್ಲಿ ಹೇಳಬೇಕಾದ್ದು, ಆ ಕಾಯಿದೆಯ ಹೊಟ್ಟೆಯೊಳಗೆ ನಮಗೆ ಕಾಣುವ ತಿಳಿವಳಿಕೆ. ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ಒಪ್ಪಿಗೆ ಆಗುವುದಿಲ್ಲ. ಹೆಂಡತಿ ಚಾಪೆಯ ಮೇಲೆ ನರಳುತ್ತಿರುವಾಗ ಗಂಡನ ಬಾಯಿಂದ ಹೊರಡಿಸಿದ ಬೆಲೆ ಬೆಲೆಯಲ್ಲ.

ನಲವತ್ತು ವರ್ಷದಿಂದ ಸಭೆ ಸಭೆಯಲ್ಲಿ ಇದನ್ನೇ ಹೇಳಿಕೊಂಡು ಬಂದ ನಾವು, ಮೇಷ್ಟ್ರ ಹೆಂಡತಿ ಮಲಗಿದ ಮಂಚದ ಪಕ್ಕ ನಿಂತು 28 ಅನ್ನಬಹುದೇ?

'ಅದೂ ಇದೂ ಒಂದೇ ಏನೋ?' ಅಂದ ಅಣ್ಣ. 'ಅವ್ರಿಗೆ ಪೆನ್ಷನ್ ಐತೆ, ಮೈಸೂರಲ್ಲಿ ಮಗ ಅವ್ನೆ. ತಾತನಿಗೆ ಏನಿತ್ತು?' ಒಂದಲ್ಲ, ಒಪ್ಪಿದೆವು. ಮೇಷ್ಟ್ರು ಬೀದಿಗೆ ಬೀಳುವುದಿಲ್ಲ, ತಾತ ಬಿದ್ದ. ಆದರೂ ಆ ಯಜಮಾನ ಮಾಡಿದ ಕೆಲಸವೂ ನಾವು ಮಾಡಹೊರಟ ಕೆಲಸವೂ ಬೇರೆ ಬೇರೆ ಅಂತ ತೋರಿಸಲು ಅಣ್ಣನಿಗೂ ಆಗಲಿಲ್ಲ, ನಮಗೂ ಆಗಲಿಲ್ಲ. ಸುದ್ದಿ ತಿಳಿದ ಕೂಡಲೇ ಬೆಲೆ ಇಳಿಸುವ ಆ ಚುರುಕು ಕೈ ಒಂದೇ.

ಹಾಗಾದರೆ ಯಾವುದು ಬೆಲೆ? ನಾವು ಹೀಗೆ ಯೋಚಿಸಿದೆವು. ಅವರ ಮನೆಯಲ್ಲಿ ಕಾಯಿಲೆ ಇಲ್ಲ, ನಮಗೂ ಊರಿನ ಎಲ್ಲ ಬೀದಿಯ ಬಾಗಿಲೂ ತೆರೆದಿದೆ ಅಂದುಕೊಳ್ಳೋಣ. ಅವರಿಗೂ ಅವಸರವಿಲ್ಲ, ನಮಗೂ ಹಸಿವಿಲ್ಲ. ಆಗ ಈ ಮನೆಯನ್ನು ಎಷ್ಟಕ್ಕೆ ಕೇಳುತ್ತಿದ್ದೆವೋ ಅಷ್ಟಕ್ಕೆ ಈಗಲೂ ಕೇಳುವುದು. ಅವ್ವ ರೊಟ್ಟಿ ತಟ್ಟುತ್ತಾ ಕೇಳಿಸಿಕೊಳ್ಳುತ್ತಿದ್ದವಳು, 'ಕಾಯ್ಲೆ ಇಲ್ದಿದ್ರೆ ಅವ್ರು ಮಾರ್ತಾನೇ ಇರ್ನಿಲ್ಲ. ಬಾಗ್ಲು ತೆಗ್ದಿದ್ರೆ ನಾವು ಎಂದೋ ತಕೊಂಡಿರ್ತಿದ್ದೊ. ಅದ್ಯಾವ್ದು ನೀವು ಹೇಳೋ ಬೆಲೆ?' ಅಂದಳು. ನಾವು ತಬ್ಬಿಬ್ಬಾದೆವು. ಬಿ.ಎ.ಯಲ್ಲಿ ತತ್ತ್ವಶಾಸ್ತ್ರ ಐಚ್ಛಿಕ ತೆಗೆದುಕೊಂಡರೂ ಇದಕ್ಕೆ ಉತ್ತರ ಸಿಗುತ್ತಿರಲಿಲ್ಲ. ಎಂದೂ ನಡೆಯದ ವ್ಯಾಪಾರದ ಬೆಲೆಯನ್ನು ನಡೆಯುವ ವ್ಯಾಪಾರಕ್ಕೆ ಹಚ್ಚುವುದು ಹೇಗೆ? ಇಬ್ಬರ ಕಷ್ಟ ಎದುರು ಬದುರು ಕುಳಿತದ್ದಕ್ಕೇ ಈ ಮನೆ ಮಾತುಕತೆಗೆ ಬಂದದ್ದು.

ದಾರಿ ತೋರಿಸಿದವಳೂ ಅವ್ವನೇ. ಹಿಂದೆ ಅವಳು ನೂಲು ತೆಗೆಯುತ್ತಿದ್ದ ಕಡೆ, ಮಕ್ಕಳಿಗೆ ಜ್ವರ ಅಂತ ಮುಂಗಡ ಕೇಳಿದರೆ ಕೊಡುತ್ತಿದ್ದರಂತೆ, ಆ ವಾರದ ಕೂಲಿಯ ದರ ಮುರಿದುಕೊಂಡು. 'ಮುಂಚೆ ಕೊಡದು ಬ್ಯಾರೆ, ಕಮ್ಮಿ ಕೊಡದು ಬ್ಯಾರೆ. ಅವ್ರು ಎರಡ್ನೂ ಗಂಟು ಹಾಕೋರು' ಅಂದಳು. ಮೇಷ್ಟ್ರಿಗೆ ಬೇಕಾದ್ದು ಈಗ ದುಡ್ಡು. ಹಾಗಿದ್ದರೆ ಈಗ ಕೊಡೋಣ. ಬೆಲೆ ಮನೆಯ ಬೆಲೆಯೇ ಇರಲಿ. ಕರಾರು ಪತ್ರ ನೋಂದಾಯಿಸಿ ಅಪ್ಪನ ಹಣದಲ್ಲಿ 5 ಲಕ್ಷ ಈ ವಾರವೇ ಅವರ ಖಾತೆಗೆ. ಕ್ರಯವಾದ ಮೇಲೂ ಮೂರು ತಿಂಗಳು ಅಲ್ಲೇ ಇರಲಿ, ಬಾಡಿಗೆ ಬೇಡ. ಇದರಲ್ಲಿ ನಮಗೆ ಅಪಾಯ ಇಲ್ಲದಿಲ್ಲ. ಬೀದಿಯವರ ಮಾತಿಗೆ ಅವರು ಹಿಂದೆಗೆದರೆ ಅಪ್ಪ ಮೂವತ್ತು ವರ್ಷ ದುಡಿದ ಹಣದ ಹಿಂದೆ ಕೋರ್ಟು ಅಲೆಯಬೇಕು. ಅಣ್ಣ ಇದನ್ನು ಇವತ್ತಿಗೂ ಪೂರ್ತಿ ಒಪ್ಪಿಲ್ಲ.

ಮನೆಯ ಬೆಲೆ ಹೇಳಲು ನಮ್ಮ ಕೇರಿಯ ಮೇಸ್ತ್ರಿಯನ್ನು ಕರೆದುಕೊಂಡು ಹೋದೆವು. ಊರಿನ ಅರ್ಧ ಮನೆಗಳಿಗೆ ಇಟ್ಟಿಗೆ ಹೊತ್ತ ಕೇರಿ ಅದು, ಮನೆಯ ಬೆಲೆ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಅಕ್ಕಪಕ್ಕ ಈಚೆಗೆ ಆದ ಕ್ರಯ ವಿಚಾರಿಸಿ ಸೈಟಿಗೆ ಚದರಡಿಗೆ 1,750ರಂತೆ 21 ಲಕ್ಷ ಹಾಕಿದ. ಕಟ್ಟಡ 950 ಚದರಡಿ, ಹಳೆಯದು, 1,400ರಂತೆ 13 ಲಕ್ಷ 30 ಸಾವಿರ. ವೈರಿಂಗು ಹೋಗಿದೆ, ತಾರಸಿ ಒಂದು ಮೂಲೆಯಲ್ಲಿ ಸೋರುತ್ತದೆ, ಒಂದು ಲಕ್ಷ 30 ಸಾವಿರ ಕಳೆದ. 33 ಲಕ್ಷ.

ಅಕ್ಕ ಕೂಡಿಸಿ ನೋಡಿದಳು. ನೋಂದಣಿ ಸೇರಿ ಮೂವತ್ತೈದು ಲಕ್ಷ ಐವತ್ತು ಸಾವಿರದ ಎಂಟುನೂರು. ನಮ್ಮ ಹತ್ತಿರ ಇದ್ದದ್ದಕ್ಕಿಂತ ಎಂಟುನೂರು ರೂಪಾಯಿ ಜಾಸ್ತಿ. 'ಅದು ಕವಿಗಳ ಪಾಲು' ಅಂದಳು. ಎಲ್ಲರೂ ನಕ್ಕರು. ರಾತ್ರಿ ಮಲಗಿದ ಮೇಲೆ ನಗು ಉಳಿಯಲಿಲ್ಲ. ನ್ಯಾಯದ ಬೆಲೆ ಅಂತ ನಾವು ಹುಡುಕಿ ಹುಡುಕಿ ತಂದದ್ದು ನಮ್ಮ ಗಂಟಿನ ಅಳತೆಗೆ ಇಷ್ಟು ಸರಿಯಾಗಿ ಹೊಂದಿಕೊಂಡಿದ್ದು ಹೇಗೆ? ಮೇಸ್ತ್ರಿ ನಮ್ಮವನು. ನಮ್ಮ ಗಂಟು ಎಷ್ಟು ಅಂತ ಅವನಿಗೆ ಯಾರಾದರೂ ಹೇಳಿದ್ದರೇ? ಅಪ್ಪ ಹೇಳಿರಬಹುದು. ಕೇಳಲು ನಮಗೆ ಧೈರ್ಯವಾಗಲಿಲ್ಲ.

ಹೋದ ಭಾನುವಾರ ಎಲ್ಲರೂ ಹೋದೆವು. ಅಪ್ಪನೇ ಹೇಳಬೇಕು ಅಂತ ಮೊದಲೇ ತೀರ್ಮಾನವಾಗಿತ್ತು. ಅವನು ಹೇಳಲು ಎದ್ದು ನಿಂತ, ಅಕ್ಕ ಅಂಗಿಯ ಚುಂಗು ಹಿಡಿದು ಕೂರಿಸಿದಳು. 'ಮೂವತ್ಮೂರಕ್ಕೆ ಕೇಳ್ತೀವಿ ಸಾರ್' ಅಂದ. ದನಿ ಸಣ್ಣಗೆ ಹೊರಟಿತು. ಮೂರು ತಿಂಗಳ ಮಾತು, 5 ಲಕ್ಷದ ಮಾತು ಅವ್ವ ಹೇಳಿದಳು. ಮೇಷ್ಟ್ರು ತಕ್ಷಣ ಏನೂ ಅನ್ನಲಿಲ್ಲ. ಒಳಗಿನಿಂದ ಅವರ ಹೆಂಡತಿ ಕೆಮ್ಮಿದರು. 'ಮೂವತ್ತೆಂಟು ಅಂದಿದ್ನಲ್ಲ' ಅಂದರು. ಅಪ್ಪ ಜೇಬಿನಿಂದ ಮೇಸ್ತ್ರಿಯ ಲೆಕ್ಕದ ಚೀಟಿ ತೆಗೆದು ಮುಂದಿಟ್ಟ.

ಮೇಷ್ಟ್ರು ಕನ್ನಡಕ ಹಾಕಿಕೊಂಡು, ಉತ್ತರ ಪತ್ರಿಕೆ ತಿದ್ದುವವರಂತೆ ಸಾಲು ಸಾಲಾಗಿ ಓದಿದರು. 'ಸೈಟಿಂದು ಇರ್ಬಹುದು. ತಾರಸಿ ಸೋರೋದು ನಿಜ' ಅಂದರು. ಆಮೇಲೆ ತಲೆ ಎತ್ತಿ, 'ಸಂಪು ಎಲ್ಲಿ ಬರ್ದಿದೀರಿ? ಆರು ಸಾವಿರ ಲೀಟರಿನ ಸಂಪಿದೆ ಹಿಂದುಗಡೆ. ಅರವತ್ತು ಸಾವಿರವಾದ್ರೂ ಆಗಲ್ವೆ?' ಅಂದರು.

ಹೌದು, ಸಂಪು ಬಿಟ್ಟುಹೋಗಿತ್ತು. ಜನ್ಮವೆಲ್ಲ ನೀರು ಬಿಟ್ಟ ಮನುಷ್ಯ ಸಂಪು ಮರೆತಿದ್ದ. ಅಪ್ಪನಿಗೇ ನಗು ಬಂತು. 'ತೆಗೀರಿ ಸಾರ್, ನೋಡಣ' ಅಂದ. ಹಿಂದೆ ಹೋಗಿ ನುಗ್ಗೆ ಮರದ ಕೆಳಗೆ ಮುಚ್ಚಳ ಸರಿಸಿದರು. ಅಪ್ಪ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು, ತಲೆ ಒಳಗೆ ಹಾಕಿ ಬಹಳ ಹೊತ್ತು ನೋಡಿದ. ಎದ್ದು ಮಂಡಿಯ ಮಣ್ಣು ಒರೆಸಿಕೊಂಡ. ಈಗ ಅವನ ದನಿ ಬೆಳಗಿನ ಜಾವ ಲೈನಿನ ಮೇಲೆ ಕೂಗುವ ದನಿಯಾಗಿತ್ತು.

'ಬಡಗಡೆ ಗೋಡೇಲಿ ಬಿರುಕದೆ ಸಾರ್. ಅರವತ್ತು ಆಗಲ್ಲ, ನಲವತ್ತು.'

'ಐವತ್ತು ಮಾಡ್ರಿ' ಅಂದರು ಮೇಷ್ಟ್ರು.

'ಇಲ್ಲ ಸಾರ್, ನಾನು ನೀರ್ನೋನು. ನಲವತ್ತೇ.'

ಮಗನನ್ನು ಕೇಳಿ ಹೇಳುತ್ತೇನೆ ಅಂದಿದ್ದಾರೆ. 33 ಲಕ್ಷ 40 ಸಾವಿರಕ್ಕೆ ಅಕ್ಕ ಮತ್ತೆ ಲೆಕ್ಕ ಹಾಕಿದಳು. ನಲವತ್ತಮೂರು ಸಾವಿರದ ಎಂಟುನೂರ ನಲವತ್ತು ಕಡಿಮೆ ಬೀಳುತ್ತದೆ. ಅವ್ವ ಓಲೆ ಬಿಚ್ಚಿ ತಟ್ಟೆಯಲ್ಲಿ ಇಟ್ಟಿದ್ದಾಳೆ, ಅಣ್ಣ ಅದನ್ನು ಮುಟ್ಟಕೂಡದು ಅನ್ನುತ್ತಾನೆ. ಫೋನು ಇನ್ನೂ ಬಂದಿಲ್ಲ.